ಕಾವಲಿಲ್ಲದ ಮಾತು

ಫಕೀರೇಶ ಸುಮ್ಮನೆ ಕುಳಿತದ್ದನ್ನು ಕಂಡವರು ಹುಬ್ಬಳ್ಳಿಯಲ್ಲಿ ಯಾರೂ ಇರಲಿಲ್ಲ. ಗದಗ, ಹಾವೇರಿ, ಧಾರವಾಡದ ಕಡೆ ಎಲ್ಲಿ ಕಬಡ್ಡಿ ಪಂದ್ಯ ನಡೆದರೂ ಮೈಕಿನ ಹಿಂದೆ ಅವನೇ ಇರಬೇಕು. ರೈಡಿಗೆ ಹೋದವನು ಎದುರಿನ ಗೆರೆ ಮುಟ್ಟುವುದರೊಳಗೆ ಅವನ ಅಪ್ಪನ ಹೆಸರು, ಊರ ಹೆಸರು, ಹೋದ ವರ್ಷ ಅವನು ಮುರಿದುಕೊಂಡ ಮೊಣಕಾಲಿನ ಸುದ್ದಿ ಎಲ್ಲವೂ ಫಕೀರೇಶನ ಬಾಯಿಂದ ಬಂದು, ಮೇಲೊಂದು ಗಾದೆಯೂ ಬಂದು, ಜನ ನಕ್ಕು ಮುಗಿದಿರುತ್ತಿತ್ತು. ಮನೆಯಲ್ಲೂ ಅಷ್ಟೆ. ಸಿಟ್ಟು ಬಂದರೆ ಆಗಲೇ ಅಂದುಬಿಡುವವನು, ಪ್ರೀತಿ ಉಕ್ಕಿದರೆ ತರಕಾರಿಯವಳ ಎದುರೂ ಅಂದುಬಿಡುವವನು. ‘ನಿನ್ನ ಗಂಡನ ಹೊಟ್ಟಿಯೊಳಗ ಅನ್ನ ಬಿಟ್ಟು ಮತ್ತೇನೂ ನಿಲ್ಲಂಗಿಲ್ಲ’ ಎಂದು ದಾಕ್ಷಾಯಣಿಯ ತವರಿನವರು ನಗುತ್ತಿದ್ದರು.

ಅಂಥವನನ್ನು ನಲವತ್ತು ತುಂಬುವ ಮೊದಲೇ ನರದ ರೋಗ ಹಿಡಿಯಿತು. ಮೊದಲು ಬೆರಳು ಹೋದವು, ಆಮೇಲೆ ಕಾಲು, ಆಮೇಲೆ ನಾಲಿಗೆ. ಉಸಿರಾಡಲು ಗಂಟಲಿಗೆ ಕೊಳವೆ ಇಟ್ಟರು. ಕಡೆಗೆ ಕಣ್ಣಿನ ರೆಪ್ಪೆಯೂ ಅವನ ಮಾತು ಕೇಳದಾಯಿತು. ಒಳಗಿನ ಮನಸ್ಸು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಅವನಿಗೆ ಎಲ್ಲ ಕೇಳುತ್ತಿತ್ತು, ಎಲ್ಲ ತಿಳಿಯುತ್ತಿತ್ತು.

ದಾಕ್ಷಾಯಣಿ ಎದೆಗುಂದಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಕಂಪನಿ ಆ ಕಾಲಕ್ಕೆ ನುಡಿಬಿಲ್ಲೆಯನ್ನು ತಯಾರಿಸತೊಡಗಿತ್ತು. ಉಗುರಿನಷ್ಟು ಅಗಲದ ಒಂದು ಕಂಪ್ಯೂಟರು ಅದು. ತಲೆಬುರುಡೆಯ ಕೆಳಗೆ ಮಿದುಳಿಗೆ ಅಂಟಿಸಿದರೆ, ನಾಲಿಗೆಗೂ ತುಟಿಗೂ ಹೊರಟ ಆಜ್ಞೆಗಳನ್ನು ಹಿಡಿದು ಮಾತಾಗಿ ಕಟ್ಟುತ್ತದೆ. ಹಣೆಗೆ ಕಟ್ಟಿದ ಪಟ್ಟಿ ಅದಕ್ಕೆ ವಿದ್ಯುತ್ತು ಕೊಡುತ್ತದೆ. ಮಂಚದ ಪಕ್ಕದ ಸ್ಪೀಕರು ಮಾತಾಡುತ್ತದೆ. ಮೊದಲ ತಂಡದಲ್ಲೇ ಗಂಡನ ಹೆಸರು ಬರುವಂತೆ ದಾಕ್ಷಾಯಣಿ ಕಂಡಕಂಡವರ ಕಾಲು ಹಿಡಿದಳು. ಫಕೀರೇಶನ ಹಳೆಯ ಕಾಮೆಂಟರಿಗಳಿಂದ ಅವನದೇ ದನಿಯನ್ನು ಕಂಪ್ಯೂಟರಿಗೆ ಕಲಿಸಿದಳು. ಪಟ್ಟಿ ಕಟ್ಟಿದ ಮೊದಲ ದಿನ ಸ್ಪೀಕರಿನಿಂದ ಬಂದ ಮಾತು, “ದಾಕ್ಷೂ, ಆ ಫ್ಯಾನ್ ಬಂದ್ ಮಾಡು ಮಾರಾಯ್ತಿ, ಥಂಡಿಗೆ ಸಾಯಾಕತ್ತೀನಿ.” ಆಸ್ಪತ್ರೆಯವರೆಲ್ಲ ನಕ್ಕರು. ದಾಕ್ಷಾಯಣಿ ಗೋಡೆಗೆ ಮುಖ ಮಾಡಿ ಅತ್ತಳು.

ಆಗ ಅವನ ಮಾತು ನಮ್ಮ ನಿಮ್ಮ ಮಾತಿನಷ್ಟೇ ಚುರುಕಾಗಿತ್ತು. ಮೂರು ವರ್ಷ ಹಾಗೇ ನಡೆಯಿತು.

*

ತಡವಾಗತೊಡಗಿದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಮೊದಮೊದಲು ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಅಂತರ ಬಂತು. ಯೋಚನೆ ಮಾಡಿ ಹೇಳುತ್ತಾನೆ ಎಂದುಕೊಂಡರು. ಮುಂದಿನ ವರ್ಷದ ಹೊತ್ತಿಗೆ ಕೇಳಿದವರು ಕುಕ್ಕರು ಇಳಿಸಿ ಬರುವಷ್ಟಾಯಿತು. ಹಗಲು ನೋಡಿಕೊಳ್ಳಲು ಬರುತ್ತಿದ್ದ ರೇಣವ್ವ ಉತ್ತರ ಕಾಯುವುದನ್ನೇ ಬಿಟ್ಟಳು. ಮಗಳು ಸಿಂಚನಾ ಬೇರೆ ಉಪಾಯ ಕಂಡುಕೊಂಡಿದ್ದಳು. ಶಾಲೆಯಿಂದ ಬಂದವಳೇ ಅಪ್ಪನ ಕಿವಿಯ ಹತ್ತಿರ ಬಾಗಿ ಪ್ರಶ್ನೆ ಕೇಳಿ, ಹೊರಗೆ ಓಡಿಹೋಗಿ ಆಡಿ, ಉತ್ತರ ಬರುವ ಹೊತ್ತಿಗೆ ಏದುಸಿರು ಬಿಡುತ್ತ ಒಳಗೆ ಬರುವಳು.

ಒಂದು ದಿನ ಅಡುಗೆಮನೆಗೆ ಬಂದು ಕೇಳಿದಳು. “ಅವ್ವಾ, ನಾ ಕೇಳಿದ್ದು ಅಪ್ಪಾಗ ಲಗೂನ ತಿಳಿಯಂಗಿಲ್ಲೇನು?”

“ಲಗೂನ ತಿಳಿತೈತಿ. ಹೇಳಾಕ ತಡಾ ಆಗತೈತಿ.”

“ಯಾಕ?”

ದಾಕ್ಷಾಯಣಿ ಒಲೆಯ ಪಕ್ಕದ ಕಟ್ಟೆ ತೋರಿಸಿದಳು. “ಈ ಕಟ್ಟಿ ಮ್ಯಾಲೆ ಎಷ್ಟು ಡಬ್ಬಿ ಹಿಡಿತಾವು? ನಾಕೋ ಐದೋ. ನಾ ಬರೇ ಅನ್ನ ಸಾರು ಮಾಡೂದಿದ್ರ ಅಷ್ಟ ಸಾಕು. ಈಗ ಬಂದವರೆಲ್ಲ ಹೋಳಿಗಿ ಬೇಕು, ಕೋಸಂಬರಿ ಬೇಕು ಅಂದ್ರ ಉಳದ ಡಬ್ಬಿ ಅಟ್ಟದ ಮ್ಯಾಲಿಡಬೇಕು. ಉಪ್ಪು ಬೇಕಂದ್ರ ಏಣಿ ಹತ್ತು, ಜೀರಿಗಿ ಬೇಕಂದ್ರ ಏಣಿ ಹತ್ತು. ನನ್ನ ಕೈ ಎಷ್ಟ ಚುರುಕಿದ್ರೂ ಹತ್ತಿ ಇಳಿಯೂದ್ರಾಗ ಹೊತ್ತು ಹೋಗತೈತಿ. ಅಪ್ಪನ ಬಿಲ್ಲಿಯೊಳಗ ಹಂಗ ಆಗೇತಿ. ಅದರ ಮೆಮರಿ ಈ ಕಟ್ಟಿ ಇದ್ದಂಗ.”

“ಹಂಗಾದ್ರ ಕಟ್ಟಿ ದೊಡ್ಡದು ಕಟ್ಟಸೂದು.”

“ಅದು ಅಪ್ಪನ ತಲಿಯೊಳಗೈತಿ. ಅಲ್ಲಿ ಗ್ವಾಡಿ ಒಡ್ಯಾಕ ಬರಂಗಿಲ್ಲ.”

ಅದು ನಿಜ. ಬಿಲ್ಲೆಯ ಸುತ್ತ ಮಿದುಳಿನ ಅಂಗಾಂಶ ಬೆಳೆದು ಬೆಸೆದುಕೊಂಡಿತ್ತು. ಕಿತ್ತರೆ ಅದರ ಜೊತೆಗೆ ಮಾತು ಹುಟ್ಟುವ ಜಾಗವೂ ಕಿತ್ತುಬರುತ್ತದೆ ಎಂದು ವೈದ್ಯರು ಹೇಳಿಯಾಗಿತ್ತು. ಪ್ರೊಸೆಸರಿನ ವೇಗ ಹೆಚ್ಚಿಸೋಣವೆಂದರೆ ಅದು ಬಿಸಿಯಾಗುತ್ತದೆ, ಮಿದುಳು ಬೇಯುತ್ತದೆ. ಲೆಕ್ಕವನ್ನು ಹೊರಗಿನ ದೊಡ್ಡ ಕಂಪ್ಯೂಟರಿಗೆ ಕಳಿಸೋಣವೆಂದರೆ ಆ ಹಳೆಯ ಬಿಲ್ಲೆಯ ರೇಡಿಯೋ ದಾರಿ ಸೂಜಿಯ ಕಣ್ಣಿನಷ್ಟು. ಕಟ್ಟಿದ ಪದಗಳು ಅದರಿಂದ ತೂರಿ ಬಂದಾವು, ನರಗಳ ಸಂಕೇತದ ಪ್ರವಾಹ ಬರದು.

ಸಿಂಚನಾ ಸ್ವಲ್ಪ ಹೊತ್ತು ಅಟ್ಟ ನೋಡಿದಳು. “ಮತ್ತ ಅಡಿಗಿ ಕಮ್ಮಿ ಮಾಡೂದು” ಎಂದು ಹೇಳಿ, ಅಪ್ಪನ ಉತ್ತರ ಬಂದಿರಬಹುದೆಂದು ಹೊರಗೆ ಹೋದಳು.

*

ಕಂಪನಿಯ ನಿಯಂತ್ರಣ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಪರದೆ ಇತ್ತು. ಪ್ರತಿ ನುಡಿಬಿಲ್ಲೆಯೂ ಅದರಲ್ಲಿ ಒಂದು ಚುಕ್ಕೆ. ಬೇಗ ಮಾತಾಡುವವು ಕೆಳಗೆ ಹಸಿರಾಗಿ ದಟ್ಟೈಸಿರುತ್ತಿದ್ದವು. ಅವೆಲ್ಲ ಹೊಸ ಬಿಲ್ಲೆಗಳು. ಮೇಲೆ, ದೂರದಲ್ಲಿ, ಕೆಲವು ಕೆಂಪು ಚುಕ್ಕೆಗಳು ಚೆದುರಿಕೊಂಡಿದ್ದವು. ಅದು ಮೊದಲ ತಂಡ. ಅದರಲ್ಲಿ ಯಾವುದು ತನ್ನ ಗಂಡ ಎಂದು ದಾಕ್ಷಾಯಣಿ ಕಣ್ಣು ಮುಚ್ಚಿ ತೋರಿಸಬಲ್ಲಳಾಗಿದ್ದಳು.

ಮಗಳು ಹೇಳಿದ್ದನ್ನೇ ಅವಳು ಮರುದಿನ ವಿಭಾಗದ ಮುಖ್ಯಸ್ಥೆ ಹುಯಿಲಗೋಳ ಮೇಡಂ ಮುಂದೆ ಇಟ್ಟಳು. ಹಳೆಯ ಬಿಲ್ಲೆಯವರಿಗೆ ಬೇರೆ, ಹಗುರವಾದ ತಂತ್ರಾಂಶ ಬೇಕು. ಭಾವಕ್ಕೆ ತಕ್ಕ ದನಿ, ಏಳು ಭಾಷೆಗೆ ಅನುವಾದ, ಹಾಡುವ ಸೌಲಭ್ಯ, ಇವೆಲ್ಲ ಹೊಸಬರಿಗಾಗಿ ಸೇರಿಸಿದ್ದು. ಫಕೀರೇಶನಂಥವರ ಬಿಲ್ಲೆ ಅವನ್ನೆಲ್ಲ ಹೊತ್ತು ತಿರುಗುತ್ತಿದೆ, ಒಂದನ್ನೂ ಬಳಸುವುದಿಲ್ಲ.

ಹುಯಿಲಗೋಳ ಮೇಡಂ ಕೆಟ್ಟವರಲ್ಲ. ತಾಳ್ಮೆಯಿಂದ ಕೇಳಿದರು. “ಅವೆಲ್ಲಾ ತಗದ್ರೂ ಎಷ್ಟು ಹಗುರಾಗ್ತದ, ನೀವೇ ಹೇಳ್ರಿ. ಖರೇ ಭಾರ ಇರೂದು ಕಾವಲಿಂದು.”

ಕಾವಲು ಎಂದರೆ ಏನೆಂದು ಆ ಕೋಣೆಯಲ್ಲಿ ದಾಕ್ಷಾಯಣಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮನುಷ್ಯ ಮನಸ್ಸಿನಲ್ಲೇ ಅಂದುಕೊಳ್ಳುವಾಗಲೂ ನಾಲಿಗೆಯ ನರಗಳಿಗೆ ಸಣ್ಣಗೆ ಆಜ್ಞೆ ಹೋಗುತ್ತದೆ. ಅಂದುಕೊಂಡದ್ದು ಯಾವುದು, ಆಡಬೇಕೆಂದು ಆಡಿದ್ದು ಯಾವುದು ಎಂದು ಬೇರ್ಪಡಿಸಿ, ಆಡಬೇಕಾದ್ದನ್ನು ಮಾತ್ರ ಹೊರಗೆ ಬಿಡುವ ಭಾಗವೇ ಕಾವಲು. ಹೊಸ ಬಿಲ್ಲೆಗಳಲ್ಲಿ ಆ ಕೆಲಸಕ್ಕೇ ಪ್ರತ್ಯೇಕ ಸರ್ಕ್ಯೂಟು ಇತ್ತು. ಹಳೆಯದರಲ್ಲಿ ಇದ್ದ ಒಂದೇ ಪ್ರೊಸೆಸರು ಅದನ್ನೂ ಮಾಡಬೇಕು. ಮಿದುಳಿನಲ್ಲಿ ಗಾಯದ ಕಲೆ ಬೆಳೆದು ಸಂಕೇತ ಮಂಕಾದ ಹಾಗೆಲ್ಲ ಕಾವಲು ಅನುಮಾನ ಬಿದ್ದು ಒಂದೊಂದು ಪದವನ್ನೂ ಹತ್ತಾರು ಸಲ ಜಾಲಾಡುತ್ತಿತ್ತು.

“ಕಾವಲನೂ ತಗೀಬಹುದಲ್ರಿ” ಎಂದಳು ದಾಕ್ಷಾಯಣಿ.

“ದಾಕ್ಷಾಯಣಿ, ಮೊದಲನೇ ಪರೀಕ್ಷಾದಾಗ ಒಬ್ಬ ಹಿರಿಯಾರಿಗೆ ಕಾವಲಿಲ್ದ ಪಟ್ಟಿ ಕಟ್ಟಿದ್ವಿ. ಸೊಸಿ ಮುಂದ, ಬೀಗರ ಮುಂದ ಏನೇನು ಬಂತು ಗೊತ್ತದನು? ಮರುದಿನ ಅವರು ಪಟ್ಟಿ ತಗಸಿದವರು ಮತ್ತ ಕಟ್ಟಸಿಕೊಳ್ಳಲೇ ಇಲ್ಲ. ಕಾವಲು ತಗದ್ರ ಮನಷ್ಯಾನ ಮೈಮ್ಯಾಲಿನ ಬಟ್ಟಿ ತಗದಂಗ. ಅದಕ್ಕ ಯಾರೂ ಒಪ್ಪಿಗಿ ಕೊಡೂದಿಲ್ಲ, ನಾನೂ ಕೊಡೂದಿಲ್ಲ.”

ಬಸ್ಸಿನಲ್ಲಿ ಮನೆಗೆ ಬರುವಾಗ ದಾಕ್ಷಾಯಣಿಗೆ ಆ ಮಾತು ತನಗೆ ಅನ್ವಯಿಸುವುದಿಲ್ಲ ಎನ್ನಿಸತೊಡಗಿತು. ಯಾರೋ ಹಿರಿಯರ ಹೊಟ್ಟೆಯಲ್ಲಿ ಏನೇನೋ ಇದ್ದೀತು. ಫಕೀರೇಶ ಹೊಟ್ಟೆಯಲ್ಲಿ ಯಾವತ್ತು ಏನನ್ನು ಇಟ್ಟುಕೊಂಡಿದ್ದ? ಅವನ ಬಾಯಿಗೂ ಮನಸ್ಸಿಗೂ ನಡುವೆ ದೇವರೇ ಬಾಗಿಲು ಇಟ್ಟಿರಲಿಲ್ಲ. ತಂತ್ರಾಂಶಕ್ಕೇಕೆ ಬೇಕು?

ಅಂದಿನಿಂದ ಅವಳು ಬಿಡುವಾದಾಗಲೆಲ್ಲ ತಂತ್ರಾಂಶದ ಒಂದು ಪ್ರತಿಯನ್ನು ಕುಳಿತು ಕತ್ತರಿಸತೊಡಗಿದಳು. ಹಾಡು ಹೋಯಿತು, ಅನುವಾದ ಹೋಯಿತು, ಕಾವಲು ಹೋಯಿತು. ಉಳಿದದ್ದು ಆ ಪುಟ್ಟ ಮೆಮರಿಯಲ್ಲಿ ಹಿಡಿದು ಜಾಗ ಉಳಿಯುವಷ್ಟಿತ್ತು. ಫಕೀರೇಶನನ್ನೂ ಕೇಳಿದಳು, ಮುಚ್ಚಿಡದೆ ಎಲ್ಲ ಹೇಳಿ ಕೇಳಿದಳು. ಅವಳು ಎರಡು ಕೊಡ ನೀರು ತುಂಬಿ ಬರುವ ಹೊತ್ತಿಗೆ ಉತ್ತರ ಬಂದಿತ್ತು.

“ಹಾಕು. ಮಾತಾಡಬೇಕು.”

*

ಭಾನುವಾರ ಬೆಳಿಗ್ಗೆ ಹಾಕಿದಳು. ಪಟ್ಟಿಯ ದೀಪ ಎರಡು ಸಲ ಮಿನುಗಿತು.

“ದಾಕ್ಷೂ” ಎಂದಿತು ಸ್ಪೀಕರು, ಅವಳು ಕೈ ತೆಗೆಯುವ ಮೊದಲೇ. “ಬಂತು. ಬಂತಲ್ಲ. ಹೂಂ ಅನ್ನೂದ್ರಾಗ ಬಂತು. ಸಿಂಚನಾ ಎಲ್ಲಿ? ಕರಿ ಆಕಿನ್ನ. ಏ ಸಿಂಚನಾ, ಬಾರ ಇಲ್ಲೆ, ನಿಮ್ಮಪ್ಪ ಬಂದಾನ ಊರಿಂದ.”

ಸಿಂಚನಾ ಹಲ್ಲುಜ್ಜುತ್ತಿದ್ದವಳು ಹಾಗೇ ಬಾಯಲ್ಲಿ ನೊರೆ ಇಟ್ಟುಕೊಂಡು ಬಂದಳು. ಪ್ರಶ್ನೆ ಕೇಳಿದಳು, ಉತ್ತರ ಬಂತು. ಇನ್ನೊಂದು ಕೇಳಿದಳು, ಅದಕ್ಕೂ ಬಂತು. ಓಡಿಹೋಗಿ ಹಗ್ಗ ತಂದು ಮಂಚದ ಮುಂದೆಯೇ ಜಿಗಿಯತೊಡಗಿದಳು. ಫಕೀರೇಶ ಕಾಮೆಂಟರಿ ಸುರುಮಾಡಿದ. ಹುಬ್ಬಳ್ಳಿಯ ಹುಲಿ ಸಿಂಚನಾ, ಎದುರಿಗೆ ಯಾರೂ ಇಲ್ಲ, ಇದ್ದವರು ಹೆದರಿ ಹೋಗ್ಯಾರ, ನೋಡ್ರಿ ಕಾಲು, ಕಾಲಲ್ಲ ಅದು ಚಿಗರಿ. ಮಗಳು ನಗುತ್ತ ಹಗ್ಗಕ್ಕೆ ಎಡವಿ ಬಿದ್ದಳು. ದಾಕ್ಷಾಯಣಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಎಷ್ಟೋ ವರ್ಷಗಳ ಮೇಲೆ ಅವಳ ಭುಜ ಸಡಿಲಾಯಿತು.

ಊಟದ ಹೊತ್ತಿಗೆ ಮೊದಲ ಬಿರುಕು ಕಂಡಿತು. ಸಿಂಚನಾ ಶಾಲೆಯ ಯಾವುದೋ ಜಗಳದ ಕತೆ ಹೇಳುತ್ತಿದ್ದಳು. ಸ್ಪೀಕರು ನಡುವೆ ಮಾತಾಡಿತು. “ಹೂಂ, ಆಮ್ಯಾಲೆ ಏನಾತು. ತಲಿಗೆ ಎಣ್ಣಿ ಹಚ್ಚ್ಯಾರ. ಎಣ್ಣಿ ವಾಸನಿ. ಮೂಗು ನಮ್ಮವ್ವಂದ. ಅವ್ವ ಸತ್ತಾಗ ಅಳು ಬರಲಿಲ್ಲ ನನಗ. ಹೇಳು ಕೂಸ, ಕೇಳಾಕತ್ತೀನಿ. ಎಷ್ಟ ಮಾತಾಡತೈತಿ ಇದು.”

ಸಿಂಚನಾ ನಿಲ್ಲಿಸಿದಳು. “ಅಪ್ಪಾ, ನಾ ಹೇಳೂದು ಬ್ಯಾಡೇನು?”

“ಹೇಳು ಹೇಳು. ಅದು ನಾ ಅಂದಿದ್ದಲ್ಲ. ಅಂದಿದ್ದಲ್ಲವಾ, ಅನಿಸಿದ್ದು. ಸಿಟ್ಟಾತದಕ್ಕ. ಮಾರಿ ಸಣ್ಣ ಮಾಡಿತು. ದಾಕ್ಷೂ ನೋಡಾಕತ್ತಾಳ. ದಾಕ್ಷೂ ಎಷ್ಟ ಮುದುಕಿ ಆಗ್ಯಾಳ.”

ದಾಕ್ಷಾಯಣಿ ನಕ್ಕಳು. “ಆಗೀನಿ ಬಿಡ್ರಿ. ಅದ್ರಾಗೇನೈತಿ.” ಅವನು ಹಿಂದೆ ಇದಕ್ಕಿಂತ ಹೆಚ್ಚಿನದನ್ನು ಮುಖದ ಮೇಲೆ ಹೇಳಿದವನೇ.

ಆದರೆ ಹಿಂದೆ ಅವನು ಹೇಳುತ್ತಿದ್ದ, ಹೇಳಿ ನಿಲ್ಲಿಸುತ್ತಿದ್ದ. ಈಗ ನಿಲ್ಲುವುದು ಅವನ ಕೈಲಿರಲಿಲ್ಲ. ಬಾಯಿ ಮುಚ್ಚಬಹುದು, ಮನಸ್ಸು ಮುಚ್ಚಲು ಬರುವುದಿಲ್ಲ. ಯೋಚಿಸಬಾರದು ಎಂದು ಅವನು ಅಂದುಕೊಂಡದ್ದೂ ಹೊರಗೆ ಬಂತು. ಬೇರೆ ಏನನ್ನಾದರೂ ನೆನೆಯಬೇಕೆಂದು ಹಳೆಯ ಆಟಗಾರರ ಹೆಸರು ಸಾಲಾಗಿ ಹೇಳತೊಡಗಿದ. ನಡುನಡುವೆ ಇನ್ನೊಂದು ಯೋಚನೆ ತಾನಾಗಿ ಜಿನುಗುತ್ತಲೇ ಇತ್ತು. ಬಿಸಿಲು ಇಳಿಯುವ ಹೊತ್ತಿಗೆ ಹೆಸರುಗಳು ಮುಗಿದು ಅದೊಂದೇ ಉಳಿಯಿತು.

“ದಾಕ್ಷೂ ಬ್ಯಾಸತ್ತಾಳ. ಬೆನ್ನು ತೊಳಿಯುವಾಗ ಉಸರು ಹಿಡಿತಾಳ, ನನಗ ಗೊತ್ತಾಗತೈತಿ. ನಾ ಸತ್ತರ ಒಂದು ವಾರ ಅಳತಾಳ. ಆಮ್ಯಾಲೆ ಮೈತುಂಬ ನಿದ್ದಿ ಮಾಡತಾಳ. ಮಾಡಲಿ. ಬಂದ್ ಮಾಡು ಇದನ್ನ. ಈ ಕೊಳಿವಿ ಯಾರರ ಕಿತ್ತರ ಸಾಕು. ದಾಕ್ಷೂ ಕೀಳಂಗಿಲ್ಲ. ರೇಣವ್ವ ಅಂಜತಾಳ. ಸಿಂಚನಾ ಕಿತ್ತೀತು. ಸಣ್ಣ ಕೈ, ಬೆರಳು ಹಿಡಿತಾವು. ಆಟ ಅಂದ್ರ ಕೇಳತೈತಿ. ಥೂ. ಕೂಸು ಇಲ್ಲೇ ಐತಿ. ಕೇಳಿಸ್ಕೊಳ್ಳಾಕತ್ತೈತಿ. ಕೇಳಬ್ಯಾಡ ಸಿಂಚನಾ. ಬಂದ್ ಮಾಡು ದಾಕ್ಷೂ. ಸಣ್ಣ ಕೈ. ಬಂದ್ ಮಾಡು.”

ಸಿಂಚನಾ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಅಂಟಿ ನಿಂತಿದ್ದಳು.

ದಾಕ್ಷಾಯಣಿ ಪಟ್ಟಿ ಬಿಚ್ಚಿದಳು. ಗಂಡನ ಮಾತನ್ನು ತಾನೇ ನಿಲ್ಲಿಸಿದ್ದು ಜೀವಮಾನದಲ್ಲಿ ಅದೇ ಮೊದಲು. ಕೋಣೆಯಲ್ಲಿ ಉಸಿರಿನ ಯಂತ್ರ ಮಾತ್ರ ಉಳಿಯಿತು. ಫಕೀರೇಶನ ಕಣ್ಣುಗಳು ಎಂದಿನಂತೆ ನೇರ ಎದುರಿಗೆ ನೋಡುತ್ತಿದ್ದವು. ಅವುಗಳಲ್ಲಿ ಏನನ್ನೂ ಓದಲು ಬರುತ್ತಿರಲಿಲ್ಲ.

*

ಹಳೆಯ ತಂತ್ರಾಂಶವನ್ನು, ಕಾವಲಿನ ಸಮೇತ, ಅವಳು ಅಂದೇ ಹಿಂದಕ್ಕೆ ಹಾಕಿದಳು. ಪಟ್ಟಿ ಕಟ್ಟಿ ಕಾದಳು. ಆ ಸಂಜೆಯೆಲ್ಲ ಸ್ಪೀಕರು ಸುಮ್ಮನಿತ್ತು. ಮರುದಿನ ಬೆಳಿಗ್ಗೆ ಒಂದೇ ಮಾತು ಬಂತು. “ಸಿಂಚನಾಗ ತಿಳಿಸಿ ಹೇಳು.”

ದಾಕ್ಷಾಯಣಿ ಹೇಳಿದಳು. ಅಪ್ಪ ಬೇಕೆಂದು ಅಂದದ್ದಲ್ಲ, ನಮ್ಮೆಲ್ಲರ ಮನಸ್ಸಿನಲ್ಲೂ ಇಂಥವು ಬಂದು ಹೋಗುತ್ತವೆ, ಯಂತ್ರ ಕದ್ದು ಕೇಳಿ ಹೇಳಿಬಿಟ್ಟಿತು, ತಪ್ಪು ನನ್ನದು. ಮಗಳು ತಲೆಯಾಡಿಸಿದಳು. “ತಿಳೀತವ್ವಾ” ಎಂದಳು. ಶಾಲೆಯಿಂದ ಬಂದು ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಹೋಗುವಳು. ಮಂಚದ ಹತ್ತಿರ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ರೇಣವ್ವ ಕೊಳವೆ ಸರಿಮಾಡಲು ಹಿಡಿಯೇ ಎಂದಾಗ ಹುಡುಗಿ ಕಿಟಾರನೆ ಕಿರುಚಿ ಹೊರಗೆ ಓಡಿದಳು.

ಫಕೀರೇಶ ಆಮೇಲೆ ತಾನಾಗಿ ಮಾತಾಡಲಿಲ್ಲ. ಅವನು ಯಾವಾಗಲೂ ನಿದ್ದೆಯಲ್ಲಿರುತ್ತಾನೆ, ಮನಸ್ಸೂ ಮಂಕಾಗುತ್ತಿದೆ ಎಂದಳು ರೇಣವ್ವ. ದಾಕ್ಷಾಯಣಿಗೆ ಮಾತ್ರ ಹಾಗಲ್ಲವೆಂದು ಗೊತ್ತಿತ್ತು. ನಿಯಂತ್ರಣ ಕೋಣೆಯಲ್ಲಿ ಅವನ ಚುಕ್ಕೆಯ ಮೇಲೆ ಬೆರಳಿಟ್ಟರೆ ಆ ಬಿಲ್ಲೆಯ ಪ್ರೊಸೆಸರು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಮಾಪಕ ತೆರೆಯುತ್ತದೆ. ಅದು ಹಗಲೆಲ್ಲ ತುದಿ ಮುಟ್ಟಿ ನಿಂತಿರುತ್ತಿತ್ತು. ಸಂಕೇತಗಳು ಬರುತ್ತಲೇ ಇದ್ದವು. ಕಾವಲು ಒಂದೊಂದನ್ನೂ ಜಾಲಾಡಿ, ಇದು ಆಡಿದ್ದಲ್ಲ, ಅಂದುಕೊಂಡದ್ದು ಎಂದು ಎಸೆಯುತ್ತಿತ್ತು. ಹೊರಗೆ ಬರುವ ಪದಗಳ ಜಾಗದಲ್ಲಿ ಸೊನ್ನೆ. ತನ್ನ ಗಂಡ ಒಳಗೆ ಎಡೆಬಿಡದೆ ಮಾತಾಡುತ್ತಿದ್ದಾನೆ ಎಂದು ಅವಳಿಗೆ ಆ ಮಾಪಕ ನೋಡಿದಾಗ ತಿಳಿಯುತ್ತಿತ್ತು. ಏನು ಮಾತಾಡುತ್ತಿದ್ದಾನೆ ಎಂದು ತಿಳಿಯುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

ಶ್ರಾವಣ ಕಳೆದ ಮೇಲೆ ತಂತ್ರಾಂಶದ ಹೊಸ ಆವೃತ್ತಿ ಬಂತು. ಹೊರಗಿನ ಕಳ್ಳರು ರೇಡಿಯೋ ಮೂಲಕ ಬಿಲ್ಲೆಗೆ ನುಗ್ಗಿ ಬಾಯಿಗೆ ಬಂದದ್ದನ್ನು ಆಡಿಸಬಹುದಾದ ಒಂದು ದೋಷ ಸಿಕ್ಕಿತ್ತು. ಅದನ್ನು ಮುಚ್ಚಲೇಬೇಕು, ಎಲ್ಲರೂ ಹಾಕಿಸಿಕೊಳ್ಳಲೇಬೇಕು. ಮುಚ್ಚುವ ಬೀಗ ಭಾರವಾಗಿತ್ತು. ಪ್ರತಿ ಪದಕ್ಕೂ ಬೀಗ ತೆಗೆದು ಬೀಗ ಹಾಕಬೇಕು.

“ಹಳೇ ಬಿಲ್ಲಿ ಇದನ್ನ ತಡಕೊಳ್ಳಂಗಿಲ್ರಿ ಮೇಡಂ” ಎಂದಳು ದಾಕ್ಷಾಯಣಿ.

“ಗೊತ್ತದ.” ಹುಯಿಲಗೋಳ ಮೇಡಂ ಪರದೆಯತ್ತ ನೋಡಲಿಲ್ಲ. “ಬ್ಯಾರೆ ಯಾರದರ ಮಾತು ಅವರ ಬಾಯಿಂದ ಬರೂದಕ್ಕಿಂತ, ಅವರದೇ ಮಾತು ತಡಾ ಬರ್ಲಿ. ನನಗ ಬ್ಯಾರೆ ದಾರಿ ಕಾಣವಲ್ದು. ನಿಮಗ ಕಂಡ್ರ ಹೇಳ್ರಿ, ಕೇಳ್ತೀನಿ.”

ದಾಕ್ಷಾಯಣಿಗೂ ಕಾಣಲಿಲ್ಲ. ಹಗುರ ಮಾಡುವುದೆಂದರೇನೆಂದು ಅವಳು ಮನೆಯಲ್ಲಿ ಮಾಡಿ ನೋಡಿಯಾಗಿತ್ತು. ಮಧ್ಯಾಹ್ನ ಆವೃತ್ತಿ ಎಲ್ಲ ಬಿಲ್ಲೆಗಳಿಗೂ ಹೊರಟಿತು. ಕೆಳಗಿನ ಹಸಿರು ಚುಕ್ಕೆಗಳು ಒಂದಿಷ್ಟು ಅಲುಗಿ ನಿಂತವು. ಮೇಲಿನ ಕೆಂಪು ಚುಕ್ಕೆಗಳು ಒಂದೊಂದಾಗಿ ಏರಿ, ಪರದೆಯ ಅಂಚು ದಾಟಿ ಕಾಣದಾದವು. ಆ ವಾರ ಮೊದಲ ತಂಡದ ಕೆಲವು ಚುಕ್ಕೆಗಳು ಪೂರ್ತಿ ಆರಿದವು. ಮನೆಯವರು ಪಟ್ಟಿ ಬಿಚ್ಚಿ ತೆಗೆದಿಟ್ಟಿದ್ದರು.

*

ಅದಾದ ಮೇಲೆ ಫಕೀರೇಶನಿಂದ ವಾಕ್ಯ ಬರುವುದು ನಿಂತಿತು. ಕಡೆಯ ಪದ ಕಟ್ಟುವುದರೊಳಗೆ ಮೊದಲ ಪದ ಮೆಮರಿಯಲ್ಲಿ ಜಾಗವಿಲ್ಲದೆ ಅಳಿಸಿಹೋಗುತ್ತಿತ್ತು. ಒಂದು ಪದ ಬರಬಹುದು. ಅದಕ್ಕೂ ಅರ್ಧ ದಿನ ಬೇಕಾಗುತ್ತಿತ್ತು. ಎಷ್ಟೋ ದಿನ ಅದೂ ಬರುತ್ತಿರಲಿಲ್ಲ.

ಕಾರ್ತಿಕದ ಒಂದು ದಿನ ಬೆಳಿಗ್ಗೆ ಕೋಣೆಯಲ್ಲಿ ಔಷಧದ ವಾಸನೆ ಕಟ್ಟಿತ್ತು. ದಾಕ್ಷಾಯಣಿ ಕೆಲಸಕ್ಕೆ ಹೊರಡುವ ಮುನ್ನ ಕೇಳಿದಳು, “ಕಿಟಕಿ ತಗೀಲೇನ್ರಿ? ಹೊರಗ ತಂಪು ಗಾಳಿ ಐತಿ.” ಕೇಳುವುದು ರೂಢಿಯಾಗಿತ್ತು. ಉತ್ತರಕ್ಕೆ ನಿಲ್ಲುವ ರೂಢಿ ತಪ್ಪಿತ್ತು. ಥಂಡಿ ಅವನಿಗೆ ಆಗುವುದಿಲ್ಲವೆಂದು ಕಿಟಕಿ ಹಾಕಿದಂತೆಯೇ ಬಿಟ್ಟು ಹೋದಳು.

ಸಂಜೆ ಬಂದು ಅವನ ಬೆನ್ನು ಒರೆಸಿದಳು. ಉಸಿರು ಹಿಡಿಯದಂತೆ ಎಚ್ಚರವಾಗಿ ಒರೆಸಿದಳು. ಕಣ್ಣಿಗೆ ಹನಿ ಹಾಕಿದಳು. ಹಣೆಯ ಪಟ್ಟಿ ಸಡಿಲಿಸಿ ಕೆಳಗಿನ ಬೆವರು ಒರೆಸುವಾಗ ಪಟ್ಟಿ ಒತ್ತಿ ಒತ್ತಿ ಅಲ್ಲಿ ಚರ್ಮ ಕಪ್ಪಾಗಿದ್ದು ಕಂಡಿತು. ಅದನ್ನು ಬೆರಳಿನಿಂದ ಸವರುತ್ತ ಕುಳಿತಳು. ಅಷ್ಟು ದಿನದಿಂದ ತಡೆದಿಟ್ಟಿದ್ದ ಮಾತು ಆಗ ಬಾಯಿಗೆ ಬಂತು.

“ಇದನ್ನ ಬಿಚ್ಚಿಟ್ಟುಬಿಡ್ಲೇನ್ರಿ? ಕಾಯಂ?” ಎಂದಳು. “ನಿಮಗ ಸಾಕಾಗಿದ್ರ ಹೇಳ್ರಿ. ನಾ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ.”

ಸಡಿಲಿಸಿದ ಪಟ್ಟಿಯನ್ನು ಮತ್ತೆ ಬಿಗಿದಳು. ಈ ಸಲ ಎದ್ದು ಹೋಗಲಿಲ್ಲ. ಬಾಗಿಲಲ್ಲಿ ಸಿಂಚನಾ ಬಂದು ನಿಂತಳು. ಹೊರಗೆ ಯಾರದೋ ಮನೆಯಲ್ಲಿ ದೀಪ ಹಚ್ಚುತ್ತಿದ್ದರು. ತುಸು ಹೊತ್ತಿಗೇ ಸ್ಪೀಕರು ಕರಕರ ಎಂದಿತು. ಅದರೊಳಗಿಂದ, ಊರಿಗೇ ಗೊತ್ತಿದ್ದ ಆ ದನಿಯಲ್ಲಿ, ಒಂದು ಪದ ಬಂತು.

“ಹೂಂ.”

ಸಿಂಚನಾ ಅವ್ವನ ಮುಖ ನೋಡಿದಳು. “ಯಾವುದಕ್ಕ ಅಂದ್ರು ಅಪ್ಪ?”

ಬೆಳಗಿನ ಕಿಟಕಿಯ ಪ್ರಶ್ನೆಗೆ ಉತ್ತರ ಇಷ್ಟು ಹೊತ್ತಿಗೆ ಬಂದಿರಬಹುದು. ಅಥವಾ ಈಗಿನದಕ್ಕೆ, ಎಲ್ಲ ಭಾರವನ್ನೂ ಒದ್ದು, ಅವನು ಒಂದೇ ಪದವನ್ನು ನೂಕಿರಬಹುದು. ಮತ್ತೆ ಕೇಳಿದರೆ ಮತ್ತೆ ಅರ್ಧ ದಿನ. ಆಗ ಬರುವ ಹೂಂ ಯಾವುದರದ್ದೆಂದೂ ತಿಳಿಯುವುದಿಲ್ಲ. ದಾಕ್ಷಾಯಣಿ ಬಹಳ ಹೊತ್ತು ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಬೆರಳಿನ ಕೆಳಗೆ ಅದು ಬೆಚ್ಚಗಿತ್ತು.

ಆಮೇಲೆ ಎದ್ದು ಹೋಗಿ ಕಿಟಕಿ ತೆರೆದಳು.